ಕೇಳಿಸಿಕೊಂಡವಳಿಗೆ ಸೊನ್ನೆ

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಮಗಳು ರಿಝ್ವಾನಾಳಿಗೆ ಗುಂಪು ಚರ್ಚೆಯಲ್ಲಿ ತಾವು ದಯಪಾಲಿಸಿದ ಸೊನ್ನೆ ಸುರಕ್ಷಿತವಾಗಿ ಬಂದು ತಲುಪಿದೆ. ಅವಳ ಅಪರಾಧ ಇಷ್ಟೆ: ಎದುರಿನವಳ ಮಾತನ್ನು ಕೇಳಿಸಿಕೊಂಡಳು.

ವಿದ್ಯಾರ್ಥಿಗಳ ಸಂವಹನ ಕೌಶಲ ಬೆಳೆಯಲೆಂದು ತಾವು ಈ ಚರ್ಚೆಯನ್ನು ಪದವಿಗೆ ಕಡ್ಡಾಯ ಮಾಡಿದಿರಿ. ಬಹಳ ಸಂತೋಷ. ನಾಲ್ವರು ಪರ, ನಾಲ್ವರು ವಿರೋಧ, ಹತ್ತು ನಿಮಿಷ. ವಿಷಯ: ತಡವಾಗಿ ಬಂದವರಿಗೆ ಹಾಜರಿ ಕೊಡಬೇಕೇ? ಕೊಡಬಾರದು ಎಂದು ವಾದಿಸುವ ಪಾಲು ನನ್ನ ಮಗಳಿಗೆ ಬಂತು. ವಾರವಿಡೀ ಬಾಯಿಪಾಠ ಮಾಡಿದ್ದಳು. ಆದರೆ ಎದುರು ಕೂತ ಪ್ರೀತಿಕಾ, ನೆಟ್ಟಣದ ಹುಡುಗಿ, ತರಗತಿಯಲ್ಲಿ ಎಂದೂ ಬಾಯಿ ಬಿಡದವಳು, ಅಂದು ಹೇಳಿಯೇಬಿಟ್ಟಳು: "ನಮ್ಮ ಕಡೆಯ ಮೊದಲ ಬಸ್ಸು ಪುತ್ತೂರಿಗೆ ಮುಟ್ಟುದೇ ಒಂಬತ್ತೂವರೆಗೆ. ಕ್ಲಾಸ್ ಒಂಬತ್ತಕ್ಕೆ. ನಾನು ಎಂತ ಮಾಡುದು?"

ರಿಝ್ವಾನಾ ಅಂದಳು: "ನೀನು ಹೇಳಿದ್ದು ಸರಿ. ನನಗೆ ಗೊತ್ತಿರಲಿಲ್ಲ."

ಅಯ್ಯಯ್ಯೋ, ಎಂಥ ಅನಾಹುತ! ತಮ್ಮ ಸುತ್ತೋಲೆ ಸ್ಪಷ್ಟವಾಗಿದೆ: ಅಭ್ಯರ್ಥಿಯು ತನ್ನ ನಿಲುವನ್ನು ಕೊನೆಯವರೆಗೂ ಸಮರ್ಥಿಸತಕ್ಕದ್ದು, ತಪ್ಪಿದಲ್ಲಿ ಸೊನ್ನೆ. ಅಂಕ ಹಾಕಿದ ಉಪನ್ಯಾಸಕಿ ಕೌಸಲ್ಯಾ ಮೇಡಂ ಪಾಪ, ನನ್ನೆದುರು ಕೈಚೆಲ್ಲಿದರು: "ಎಂತ ಮಾಡುದು ಮಾರಾಯ್ರೆ, ಮೇಲಿನಿಂದಲೇ ಹಾಗೆ ಬಂದದ್ದು."

ನಾನು ಈಶ್ವರಮಂಗಲದಿಂದ ಪುತ್ತೂರಿಗೆ ಇಪ್ಪತ್ತೆರಡು ವರ್ಷಗಳಿಂದ ಜೀಪು ಓಡಿಸುವವನು. ಹಿಂದಿನ ಸೀಟಿನಲ್ಲಿ ತುಳು, ಬ್ಯಾರಿ, ಮಲಯಾಳ ಎಲ್ಲದರಲ್ಲೂ ವಾದ ನಡೆಯುತ್ತದೆ. ಪುತ್ತೂರು ಮುಟ್ಟುವಷ್ಟರಲ್ಲಿ ಯಾರೋ ಒಬ್ಬರು "ಅದೂ ಹೌದು" ಎಂದಿರುತ್ತಾರೆ. ಇಲ್ಲದಿದ್ದರೆ ಮರುದಿನ ಅದೇ ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು ಹೇಗೆ? ಇವರೆಲ್ಲ ಅನುತ್ತೀರ್ಣರೆಂದು ನನಗೆ ತಿಳಿದೇ ಇರಲಿಲ್ಲ.

ಈ ಸೊನ್ನೆಯಿಂದ ಮಗಳು ಸಂವಹನ ಕೌಶಲದ ಪತ್ರಿಕೆಯಲ್ಲಿ ಫೇಲು. ಬಿ.ಎಡ್. ಅರ್ಜಿಗೆ ಇನ್ನು ಹನ್ನೆರಡೇ ದಿನ. ಮರುಪರೀಕ್ಷೆ ಮುಂದಿನ ವರ್ಷವಂತೆ. ಸಿಟ್ಟಿನಲ್ಲಿ ನಾನು ಅವಳಿಗೇ ಬೈದೆ: "ಹತ್ತು ನಿಮಿಷ ಹಟ ಹಿಡೀಲಿಕ್ಕೆ ಆಗ್ಲಿಲ್ವಾ ನಿನಗೆ?"

ಅವಳು ಅಳಲಿಲ್ಲ. "ಬಾಪಾ, ನಾಳೆ ನಾನು ಟೀಚರ್ ಆದ್ರೆ, ಬಸ್ಸು ತಡವಾದ ಮಕ್ಕಳನ್ನು ಹೊರಗೆ ನಿಲ್ಲಿಸುದಾ?"

ನನಗೆ ನಾಚಿಕೆಯಾಯಿತು. "ನೀನು ಹೇಳಿದ್ದು ಸರಿ ಮಗಳೇ" ಅಂದೆ.

ಆ ಸೊನ್ನೆಯನ್ನು ಹನ್ನೆರಡು ದಿನದೊಳಗೆ ತೆಗೆದುಹಾಕಿ, ನಿಯಮವನ್ನೂ ತಿದ್ದಿ. ನಿಲುವು ಬದಲಿಸಲು ಹೆದರಬೇಡಿ. ತಮಗೆ ಅಂಕ ಹಾಕುವವರು ಯಾರೂ ಇಲ್ಲ.

ಇಂತಿ,
ಮಗಳ ಮಾತನ್ನು ಒಪ್ಪಿ ತಾನೂ ಸೊನ್ನೆ ಗಳಿಸಿದ
ಇಬ್ರಾಹಿಂ, ಜೀಪು ಚಾಲಕ, ಈಶ್ವರಮಂಗಲ