ಬೆಳ್ಳಿಯ ದನಿ

ಮಾರ್ಚ್ 8, 1986, ಶನಿವಾರ

ಕಣ್ಣು ಮಂಜಾಗಿದೆ, ಬೆಳ್ಳಿ ನಾಣ್ಯ ಹುಡುಕುವ ಹವ್ಯಾಸ ಬಿಡಲೇಬೇಕೇನೋ ಎಂಬ ಕೊರಗು ವಾರದಿಂದ. ಮಧ್ಯಾಹ್ನ ನನ್ನ ಹೆಂಡತಿ ಐಡೆಲ್ಲಾ, ಬ್ಯಾಂಕಿನಿಂದ ತಂದ ಕಾಲು ಡಾಲರ್‌ಗಳನ್ನು ಒಂದೊಂದಾಗಿ ಅಡುಗೆಮನೆಯ ಮೇಜಿನ ಮೇಲೆ ಬೀಳಿಸಿದಳು. ನಾನು ಕಿವಿಗೊಟ್ಟು ಕುಳಿತೆ. ಒಳಗೆ ತಾಮ್ರ ತುಂಬಿದ ಈಚಿನ ನಾಣ್ಯಗಳೆಲ್ಲ ಠಪ್ಪೆಂದವು. ಒಂದು ಮಾತ್ರ ಗಂಟೆಯಂತೆ ಉಲಿಯಿತು.

"ಬೆಳ್ಳಿ!" ಎಂದೆ.

"ಇದರ ಮೇಲೆ ಇಸವಿ ಅರವತ್ತೈದು ಅಂತಿದೆ ರೀ. ಬೆಳ್ಳಿ ನಾಣ್ಯ ಮಾಡೋದು ಅರವತ್ನಾಲ್ಕಕ್ಕೇ ನಿಂತೋಯ್ತು ಅಂತ ನೀವೇ ತಲೆ ತಿಂದಿದ್ರಿ. ಈಗ ಕಿವೀನೂ ಕೈಕೊಡ್ತಾ?"

"ಅಂಚು ನೋಡೇ, ತಾಮ್ರದ ಕೆಂಪು ಗೆರೆ ಇದ್ಯಾ?"

ಅವಳು ನಾಣ್ಯವನ್ನು ಕಿಟಕಿಯ ಬೆಳಕಿಗೆ ಒಯ್ದಳು. "ಇಲ್ಲ ರೀ. ಪೂರ್ತಿ ಬಿಳಿ!"

ತಕ್ಕಡಿಯೂ ಬೆಳ್ಳಿಯ ತೂಕವನ್ನೇ ತೋರಿಸಿತು. ಟಂಕಸಾಲೆಯಲ್ಲಿ ಯಾರೋ ಉಳಿದ ಬೆಳ್ಳಿ ಬಿಲ್ಲೆಗೆ ಅರವತ್ತೈದರ ಅಚ್ಚು ಒತ್ತಿಬಿಟ್ಟಿದ್ದಾರೆ! ಇನ್ನು ಹವ್ಯಾಸ ಬಿಡುವ ಮಾತೇ ಇಲ್ಲ. ಆ ನಾಣ್ಯವನ್ನು ಮತ್ತೊಮ್ಮೆ ಬೀಳಿಸಿ ಕೇಳುವ ಆಸೆ. ಗೀರು ಬಿದ್ದರೆ? ಕೆಳಗೆ ಬಟ್ಟೆ ಹಾಸಬಹುದು, ಆದರೆ ಆಗ ದನಿಯೇ ಹೊರಡದಲ್ಲ...