ಶಿರಹಟ್ಟಿಗೆ ಅರ್ಧ ಭೂಮಿ, ಮುಂಡರಗಿಗೆ ಇನ್ನರ್ಧ

ಶಿರಹಟ್ಟಿ, ೨೨ ಅಕ್ಟೋಬರ್ ೧೯೫೬

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ಭೂಗೋಳವನ್ನು ಎರಡು ಹೋಳು ಮಾಡಿದವರು ತಾವು. ಆ ತಪ್ಪಿಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಪಾಸಾದವಳು ನನ್ನ ತಂಗಿ ಅಮೃತವ್ವ.

ತಮ್ಮ ಕಚೇರಿಗೆ ಬಂದ ತಗಡಿನ ಗೋಳ ಒಂದೇ, ಬೇಡಿದ ಶಾಲೆಗಳು ಎರಡು. ಸಮಭಾಜಕ ವೃತ್ತದ ಗುಂಟ ಅದಕ್ಕೆ ಬೆಸುಗೆಯಿತ್ತು. ತಾವು ಕಟಕ ರೊಟ್ಟಿ ಮುರಿದಂತೆ ಬಿಡಿಸಿ, ಉತ್ತರಾರ್ಧವನ್ನು ಶಿರಹಟ್ಟಿಗೂ ದಕ್ಷಿಣಾರ್ಧವನ್ನು ಮುಂಡರಗಿಗೂ ಕಳಿಸಿದಿರಿ. ಎಂಥ ಸಮದೃಷ್ಟಿ! ಅಮೃತವ್ವ ಮೂರು ವರ್ಷ ಆ ಅರ್ಧವನ್ನೇ ಕಲಿತಳು. ಮೌಖಿಕ ಪರೀಕ್ಷೆಗೆ ತಾವೇ ಬಂದು ಕುಳಿತಿರಿ.

“ಆಫ್ರಿಕಾ ಎಲ್ಲೀತನಕ ಐತಿ?”

“ನಡಾ ತನಕ ಐತ್ರಿ ಸಾಹೇಬ್ರ. ಅಲ್ಲಿಗೆ ತಗಡ ಮುಗೀತೈತ್ರಿ.”

“ಮತ್ತ ಆಸ್ಟ್ರೇಲಿಯಾ?”

“ಅದು ಮುಂಡರಗಿಯೊಳಗ ಐತ್ರಿ.”

ತಾವು ಹೊಟ್ಟೆ ಹಿಡಿದು ನಕ್ಕಿರಂತೆ. ಮನೆಯಲ್ಲಿ ಕೇಳಿ ನಾನೂ ನಕ್ಕೆ, ಸುಳ್ಳೇಕೆ? ಆದರೆ ಅವಳು ಕಂಡದ್ದನ್ನೇ ಹೇಳಿದಳಲ್ಲವೇ? ಯುರೋಪು, ಉತ್ತರ ಅಮೆರಿಕಗಳು ಪೂರ್ತಿ ನಮ್ಮ ಪಾಲಿಗೆ ಬಂದವು. ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಮುಂಡರಗಿಯವರಿಗೆ. ಆಫ್ರಿಕಾ, ದಕ್ಷಿಣ ಅಮೆರಿಕಗಳು ಆ ರೇಖೆಯ ಎರಡೂ ಬದಿಗೆ ಮೈಚಾಚಿವೆ, ಏಷ್ಯಾದ ಕೆಲವು ದ್ವೀಪಗಳೂ ಕೆಳಗಿಳಿದಿವೆ ಎಂಬುದನ್ನು ನಾನು ವಾಚನಾಲಯದ ಹರಿದ ಪುಸ್ತಿಕೆಯಲ್ಲಿ ಓದಿದೆನೇ ಹೊರತು ತಮ್ಮ ಶಾಲೆಯಲ್ಲಲ್ಲ. ಮುಂಡರಗಿಯ ಗತಿ ಇನ್ನೂ ಚೆಂದ. ಅವರ ಪಾಲಿನಲ್ಲಿ ಭಾರತವೇ ಇಲ್ಲ! ಅಲ್ಲಿಯ ಅಂದಾನಪ್ಪ ಮಾಸ್ತರರು ತಗಡಿನ ಅಂಚು ದಾಟಿ, ಬರಿಯ ಗಾಳಿಯಲ್ಲಿ ಬೆರಳಿಟ್ಟು, “ಇಲ್ಲೇ ಐತಿ ನಮ್ಮ ದೇಶ, ಕಾಣಲಿಲ್ಲಂದ್ರೂ ಕೈ ಮುಗೀರಿ” ಅನ್ನುತ್ತಾರೆ. ಸ್ವಾತಂತ್ರ್ಯ ಬಂದು ಒಂಬತ್ತು ವರ್ಷವಾಯಿತು, ಸಾಹೇಬರೇ.

ನಮ್ಮ ಓಣಿಯಿಂದ ಇದುವರೆಗೆ ಒಬ್ಬ ಹೆಣ್ಣುಮಗಳೂ ಶಿಕ್ಷಕಿಯಾಗಿಲ್ಲ. ಅಮೃತವ್ವ ಆಗಬೇಕೆಂದಿದ್ದಾಳೆ. ಮುಲ್ಕಿ ಪಾಸಾಗದೆ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ಅರ್ಜಿಗೆ ಈ ತಿಂಗಳ ಮೂವತ್ತೊಂದೇ ಕಡೆಯ ದಿನ. ಮರುದಿನ, ಹಲವು ಸರಕಾರಗಳ ಕೈಯಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಗುತ್ತದೆ. ಇಷ್ಟು ದೊಡ್ಡ ನಾಡೇ ಕೂಡುವಾಗ ಎರಡು ತಗಡು ಕೂಡಲಾರವೇ?

ನನ್ನ ಬೇಡಿಕೆ ಇಷ್ಟೆ: ಗೋಳವನ್ನು ಜೋಡಿಸಿ, ಅದನ್ನು ಅವಳ ಮುಂದಿಟ್ಟು, ಅವೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿರಿ. ಉತ್ತರಾರ್ಧವನ್ನು ನಾನು ತರುತ್ತೇನೆ. ದಕ್ಷಿಣಾರ್ಧ ಅಂದಾನಪ್ಪ ಮಾಸ್ತರರ ಚೀಲದಲ್ಲಿ ಬಸ್ಸು ಹತ್ತಲಿದೆ. ಬೆಸುಗೆ ಹಾಕಲು ಬೆಟಗೇರಿಯ ನಜೀರಸಾಬರು ಒಲೆ ಸಮೇತ ಬರುತ್ತಾರೆ. ತಾವು ಕುರ್ಚಿಯಲ್ಲಿದ್ದರೆ ಸಾಕು: ಗದಗಿನ ತಮ್ಮ ಕಚೇರಿಯಲ್ಲಿ, ಬರುವ ಸೋಮವಾರ, ೨೯ನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ.

ಇಂತಿ,
ಅರ್ಧ ಭೂಮಿಯ ಪೂರ್ಣ ಪ್ರಜೆ,
ಸಕ್ರಪ್ಪ