ಎರಡನೇ ಸಲ ಹಚ್ಚಿದ ಗುಂಡಿ

ಕಡಲೇರಿದ ತೊಂಬತ್ತೊಂದನೆಯ ವರ್ಷ, ಫೆಬ್ರವರಿ ಮೂವತ್ತೊಂದು

ಪತ್ರಿಕಾ ಛಾಯಾಗ್ರಾಹಕರಾದ ರತ್ನಾಕರ ಬಾಂದೇಕರರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಮೇ ತಿಂಗಳಲ್ಲಿ ಹೊರಗೆ ಕಾಲಿಡಲಾಗದೆ ಆ ತಿಂಗಳನ್ನೇ ತೆಗೆದುಹಾಕಿ, ಅದರ ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚಿದ್ದಾರೆ. ಬಿಸಿಲು ಮಾತ್ರ ಹಾಗೇ ಇದೆ. ನನ್ನ ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಫೋಟೋಗಳ ಅಡಿಬರಹ ಓದಿಯೇ ಕಲಿತವಳು ನಾನು.

ನಾನು ನೋಟಗಾರ್ತಿ. ಯಾವ ಚಿತ್ರ ನಿಜ, ಯಾವುದು ಹುಸಿನೋಟ, ಅಂದರೆ ಯಂತ್ರ ಕಟ್ಟಿದ್ದು, ಎಂದು ಹೇಳುವುದು ನನ್ನ ಕೆಲಸ. ಮುಳುಗಿದ ಚಿಪ್ಪಿಕೇರಿಯ ನಾವು ನಲವತ್ತು ಮನೆಯವರು ಈಗ ತೇಲುಕೇರಿಯಲ್ಲಿದ್ದೇವೆ. ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ಊರು ಅದು. ಮಲಗುವಾಗ ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟುತ್ತೇವೆ, ಅನ್ನಕ್ಕೆ ಉಪ್ಪು ಹಾಕುವ ಅಗತ್ಯವಿಲ್ಲ. ತಮ್ಮ ಕೇರಿ ಇತ್ತೆಂದು ತೋರಿಸಿದವರಿಗೆ ನೆಲೆಸಭೆ ಗುಡ್ಡದ ಮೇಲೆ ಜಾಗ ಕೊಡುತ್ತದೆ. ಮಂತ್ರಿ, ಮೆರವಣಿಗೆ, ನೆರೆಯ ಚಿತ್ರಗಳನ್ನು ಸಭೆ ನಂಬುವುದಿಲ್ಲ. ಎಲ್ಲರೂ ಕಟ್ಟಿಸುವುದು ಅವನ್ನೇ. ಯಾರೂ ಕಟ್ಟಿಸುವ ಗೋಜಿಗೆ ಹೋಗದ ಸಣ್ಣಪುಟ್ಟ ಗಳಿಗೆಗಳನ್ನು ಮಾತ್ರ ನಂಬುತ್ತದೆ.

ನಿಮಗೆ ಅಂಥ ಗಳಿಗೆಗಳ ಹುಚ್ಚು. ತಡೆಗೋಡೆಯ ಶಂಕುಸ್ಥಾಪನೆಯ ಚಿತ್ರ ತೆಗೆಯಲು ಕಳಿಸಿದರೆ, ನೀವು ಸಚಿವರಿಗೆ ಬೆನ್ನು ಹಾಕಿ ನಮ್ಮ ಕೇರಿಯೊಳಗೆ ನುಗ್ಗಿದಿರಿ. ಅಲ್ಲಿ ನೀವು ತೆಗೆದ ಚಿತ್ರದಲ್ಲಿ ಬಂದೋಬಸ್ತಿಗೆ ಬಂದ ಪೊಲೀಸಪ್ಪನೊಬ್ಬ ಬನಿಯನ್ನಿನಲ್ಲಿ, ತಲೆಯ ಮೇಲೆ ಟೋಪಿ, ಕೈಯಲ್ಲಿ ಲಾಠಿ ಹಿಡಿದು ನಿಂತಿದ್ದಾನೆ. ನಮ್ಮ ಮಾದೇವಿ ಹರಿಕಂತ್ರ ಹೊಸ್ತಿಲ ಮೇಲೆ ಕೂತು ಅವನ ಖಾಕಿ ಅಂಗಿಗೆ ಗುಂಡಿ ಹಚ್ಚಿ ದಾರ ಕಚ್ಚುತ್ತಿದ್ದಾಳೆ. ಬಾಗಿಲ ಮೇಲೆ ಕೇರಿಯ ಹೆಸರು, ಮನೆಯ ನಂಬರು. ಆ ಚಿತ್ರ ಸಿಕ್ಕ ದಿನ ನಾನು ಕುಣಿದಾಡಿದೆ. ಏಳು ತಲೆಮಾರಿನ ಹಿಂದಿನ ನಮ್ಮಜ್ಜಿ ಅವಳು.

ಆಮೇಲೆ ಅದರ ಹಿಂದಿನ ಚಿತ್ರ ನೋಡಿದೆ. ಕೆಲವೇ ನಿಮಿಷ ಮೊದಲಿನದು. ಅದರಲ್ಲಿ ಪೊಲೀಸಪ್ಪ ಅಂಗಿ ತೊಟ್ಟಾಗಿದೆ, ಗುಂಡಿ ಕೂತಿದೆ, ಅವನ ಬೆನ್ನ ಹಿಂದೆ ಬಾಗಿಲು ಮರೆಯಾಗಿದೆ. ಅಂದರೆ ನೀವು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಚಿತ್ರದಲ್ಲಿರುವವರ ಹೆಸರು ಮರೆಯದಿರಲೆಂದು ನೀವು ಕ್ಯಾಮೆರಾದಲ್ಲೇ ಹಿಡಿದಿಟ್ಟ ದನಿಯನ್ನೂ ಕೇಳಿದೆ. ಇನ್ನೊಂದು ಸಲ ಮಾಡಿ ತೋರಿಸಿ ಎಂದು ನೀವು ಗೋಗರೆಯುತ್ತೀರಿ. ಅದಕ್ಕೆ ಅವಳು, "ಗುಂಡಿ ಹಚ್ಚಿ ಆಯ್ತಲ್ರಾ, ಮತ್ತೆಂತಕೆ?" ಎನ್ನುತ್ತಾಳೆ. ಆದರೂ ಪಾಪ, ನಿಮಗಾಗಿ ಮತ್ತೆ ದಾರ ಕಚ್ಚಿದ್ದಾಳೆ.

ಮಾಡಿಸಿದ್ದೂ ಹುಸಿನೋಟವೇ ಎನ್ನುತ್ತದೆ ಸಭೆಯ ಕಟ್ಟಳೆ. ಮುಚ್ಚಿಡಬಹುದಿತ್ತು. ಒಂದಿಡೀ ದಿನ ಯೋಚಿಸಿದೆ. ಹಿಂದೆ ಇದೇ ಕಾರಣಕ್ಕೆ ಮೂರು ಕೇರಿಗಳನ್ನು ನಾನೇ ತಳ್ಳಿಹಾಕಿದ್ದೇನೆ. ಆ ಜನ ಈಗ ಎಲ್ಲಿದ್ದಾರೆಂದು ಯಾರಿಗೂ ತಿಳಿಯದು. ನಮ್ಮದನ್ನೂ ಹುಸಿಯೆಂದು ಬರೆದು ಸಹಿ ಹಾಕಿದೆ.

ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಸುಳ್ಳು ಹೇಳಲಾರೆ. ನೀವು ಕೇಡು ಬಗೆದವರಲ್ಲ, ಚೆಂದಕ್ಕೆ ಆಸೆಪಟ್ಟಿರಿ ಅಷ್ಟೆ. ಈ ಕಾಗದ ಹೇಗಾದರೂ ನಿಮ್ಮ ಕೈಸೇರಿದರೆ ಒಂದೇ ಕೋರಿಕೆ: ಗಳಿಗೆ ತಪ್ಪಿದರೆ ತಪ್ಪಲಿ, ಬಿಟ್ಟುಬಿಡಿ. ಅಂಗಿ ತೊಟ್ಟ ಆ ಪೊಲೀಸಪ್ಪನನ್ನೇ ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆದಿದ್ದರೂ ಸಾಕಿತ್ತು, ಬಾಗಿಲು ಕಾಣುತ್ತಿತ್ತು.

ಈ ವಿಷಯ ಮೊದಲು ತಿಳಿದದ್ದು ನಿಮಗೇ. ಪಕ್ಕದಲ್ಲಿ ಅಮ್ಮ ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದಾಳೆ. ಗುಡ್ಡದ ಮೇಲೆ ಒಲೆಯನ್ನು ಯಾವ ದಿಕ್ಕಿಗೆ ಹೂಡೋಣ ಎಂದು ನನ್ನನ್ನು ಕೇಳುತ್ತಿದ್ದಾಳೆ.

ಶರಾವತಿ ಹರಿಕಂತ್ರ